ರುಚಿ ನೋಡಿದವರ ಸಹಿ

ಸವಳಂಗ ರಸ್ತೆಯ ನಮ್ಮ ಶಾಲೆಯಲ್ಲಿ
ಬಡಿಸುವ ಮೊದಲು ರುಚಿ ನೋಡಬೇಕು, ಸಹಿ ಹಾಕಬೇಕು.
ಹಸಿರು ರಟ್ಟಿನ ಪುಸ್ತಕ, ದಾರ ಕಟ್ಟಿದ ಪೆನ್ನು.
ಮೊದಲು ನಾನು, ಆಮೇಲೆ ನಾಗವೇಣಿ ಟೀಚರು,
ಅಂಗೈ ಗುಳಿಯಲ್ಲಿ ಒಂದೊಂದು ಹನಿ ಸಾಂಬಾರು.

ಹಿತ್ತಲ ಕರಿಬೇವಿಗೆ ಅವಳು ಬರುವುದು ಹತ್ತೂವರೆಗೆ,
ಬಿಸಿಲು ನೀರಿನ ಟ್ಯಾಂಕು ಹತ್ತಿ ಇಳಿದ ಮೇಲೆ.
ಕಪ್ಪು ಸೀರೆ, ಮೈತುಂಬ ಕೆನೆಬಣ್ಣದ ಚುಕ್ಕಿ,
ಸೆರಗಿನ ತುದಿಗೆ ಕುಂಕುಮದ ಕೈ ಒರೆಸಿದ ಕಲೆ.
ಕೂರುವುದಿಲ್ಲ. ಕೂತಂತೆ ಮಾಡಿ
ಮುಂಗಾಲಲ್ಲಿ ಎಲೆಯನ್ನು ಟಪಟಪ ತಟ್ಟುತ್ತಾಳೆ.
ಕಾಲಲ್ಲೇ ನಾಲಿಗೆಯಂತೆ ಅವಳಿಗೆ,
ಐದನೇ ಕ್ಲಾಸಿನ ಶಿಫಾ ಎಲ್ಲೋ ಓದಿ ಬಂದು ಹೇಳಿದ್ದು.
ದಾಸವಾಳ ತಟ್ಟಿದಳು, ಅಲ್ಲ. ನುಗ್ಗೆ ತಟ್ಟಿದಳು, ಅಲ್ಲ.
ಕರಿಬೇವಿನ ಚಿಗುರು ತಟ್ಟಿದಳು.
ಹೌದು ಎಂಬುದಕ್ಕೆ ಒಂದು ಮೊಟ್ಟೆ,
ಸಾಸಿವೆಯಷ್ಟು, ಬೆಣ್ಣೆಯ ಬಣ್ಣ.
ಅದೇ ಅವಳ ಸಹಿ.
ತಿನ್ನುವವಳು ಅವಳಲ್ಲ.

ತಿನ್ನುವುದು ಹುಟ್ಟಿ, ಮೊದಲು ಹುಟ್ಟಿದ ಚಿಪ್ಪನ್ನೇ ತಿಂದಿತು.
ಆಮೇಲೆ ನನ್ನ ಒಗ್ಗರಣೆಗೆ ಬಾಯಿ ಹಾಕಿತು.
ನೋಡಿದರೆ ಹಕ್ಕಿ ಹಿಕ್ಕೆ, ಕಂದು ಮೈ, ನಡುವೆ ಸುಣ್ಣ ಬಳಿದ ಹಾಗೆ.
ಎಷ್ಟು ಸಲ ಒರೆಸಲು ಹೋಗಿ,
ಹಿಕ್ಕೆ ನಡೆಯುವುದು ಕಂಡು ಕೈ ಹಿಂದೆಗೆದಿದ್ದೇನೋ!
ದಿನ ಕಳೆದಂತೆ ಹಸಿರಾಗಿ, ಕಿರುಬೆರಳಷ್ಟು ದಪ್ಪವಾಗಿ,
ಕಡ್ಡಿಗಳನ್ನಷ್ಟೇ ನಮಗೆ ಬಿಟ್ಟಿತು.

ನೂರಾ ಹನ್ನೆರಡು ಮಕ್ಕಳಿಗೆ ಎರಡು ಹಿಡಿ ಸೊಪ್ಪು ಬೇಕು.
ಫಿಲೋಮಿನಾ ಪೊರಕೆಕಡ್ಡಿಯಲ್ಲಿ ತಿವಿದಳು.
ತಲೆಯ ಹಿಂದಿನಿಂದ ಕೆಂಪು ಕವೆಯೊಂದನ್ನು ಚಾಚಿ
ವಾಸನೆ ಬಿಟ್ಟಿತು, ಕೊಳೆತ ಕಿತ್ತಳೆ ಸಿಪ್ಪೆಯ ಹಾಗೆ.
"ಅಯ್ಯೋ, ಬೈತದೆ ಕಣೇ!"
ಉಣ್ಣುವವರನ್ನು ಎಬ್ಬಿಸಬಾರದು ಎಂದು
ಅವಳೇ ಕಡ್ಡಿ ಕೆಳಗಿಟ್ಟಳು.
ಆ ವಾರವೆಲ್ಲ ಸಾಂಬಾರಿಗೆ ಬರೀ ಸಾಸಿವೆ, ಇಂಗು.
ಟೀಚರು ಅಂಗೈ ನೆಕ್ಕಿ ನನ್ನ ಮುಖ ನೋಡಿದರು,
ಏನೂ ಕೇಳದೆ ಸಹಿ ಹಾಕಿದರು.

ಆಮೇಲೆ ಅದು ಗಿಡದಲ್ಲಿ ಕಾಣಲಿಲ್ಲ.
ಮುರಿದ ಬೆಂಚಿನ ಕಾಲಿಗೆ
ಸೊಂಟಕ್ಕೊಂದು ದಾರ ಬಿಗಿದುಕೊಂಡು,
ಬೆಂಚಿನದೇ ಬಣ್ಣ ಹೊದ್ದು, ಉಪವಾಸ.
ಶಿಫಾ ದಿನಕ್ಕೆ ಮೂರು ಸಲ ಹೋಗಿ ನೋಡುತ್ತಿದ್ದಳು.
ಹೊರಬಂದದ್ದು ಭಾನುವಾರ.

ಈಗ ಹಲ್ಲಿಲ್ಲ, ಎಲೆ ಬೇಡ.
ಸುರುಳಿ ಸುತ್ತಿಟ್ಟ ಒಂದು ನಳಿಗೆ, ಅಷ್ಟೇ.
ಕಾಂಪೌಂಡಿನಾಚೆ ಲಂಟಾನದ ಹೂವಿಂದ ಹೂವಿಗೆ;
ಹೀರುವಾಗಲೂ ರೆಕ್ಕೆ ನಿಲ್ಲದು,
ಒಲೆಯ ಮೇಲೆ ಹಾಲಿಟ್ಟು ಬಂದವರ ಊಟ.

ಎರಡು ಗಂಟೆಗೆ ನಮ್ಮ ಪಾತ್ರೆ ತೊಳೆದ ನೀರು
ಮಣ್ಣಿಗಿಂಗುವ ಜಾಗಕ್ಕೆ ಗಂಡುಗಳು ಇಳಿಯುತ್ತವೆ,
ಮೂರು, ಒಮ್ಮೊಮ್ಮೆ ನಾಲ್ಕು.
ಅವಕ್ಕೆ ಜೇನು ಸಾಲದು, ಉಪ್ಪು ಬೇಕು.
ನಾನು ಹಾಕಿದ ಉಪ್ಪು,
ತಟ್ಟೆ ದಾಟಿ, ಮಕ್ಕಳು ಕೈ ತೊಳೆದ ನೀರು ದಾಟಿ,
ಆ ಕೂದಲೆಳೆ ನಳಿಗೆಯಲ್ಲಿ ಮೇಲೇರುತ್ತದೆ.
ತುಂಬಿದ ಬಕೆಟ್ ಹಿಡಿದು ನಿಂತೇ ಇದ್ದೆ, ಸುರಿಯಲಾರದೆ.

"ಉಪ್ಪು ಸರಿಯಿದೆಯಾ ಅಂತ ಕೇಳೇ," ಅಂದಳು ಫಿಲೋಮಿನಾ.

ಕೇಳಲಿಲ್ಲ.
ಇವತ್ತು ಒಂದು ಹಿಡಿ ಜಾಸ್ತಿಯೇ ಬಿದ್ದಿತ್ತು,
ಮಕ್ಕಳು ಆಗಲೇ ಹೇಳಿದ್ದರು.