ಆಟ್ಲಿ ತೋಲ

ಅಮ್ಮತ್ತಿಯ ನಾಡಕಚೇರಿ. ಕರೆಂಟಿಲ್ಲ.
ಬೆಂಚಿನ ತುದಿಯಲ್ಲಿ ಕೂತಿದ್ದ ತೋಲನನ್ನು
ಮನೆಹೆಸರು ಕೇಳಿದೆ.
ಆಟ್ಲಿ, ಅಂದ.
ಅಪ್ಪನದು? ಆಟ್ಲಿ.
ಅವನಪ್ಪನದು?
ಆಗ ಮನೆ ಎಲ್ಲಿತ್ತಕ್ಕ, ಹೆಸರಿರೋಕೆ.

ನನ್ನ ಹೆಸರಿನ ಮುಂದೆ ಯಾವಾಗಲೂ ಒಬ್ಬ ಮುತ್ತಜ್ಜ,
ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿ ನಡೆಯುತ್ತಾನೆ.
ಅವನಿಗೊಂದು 'ಅಂಡ' ಹಚ್ಚಿದ್ದಕ್ಕೆ ನಮಗೆ
ಒಕ್ಕ, ಐನ್‌ಮನೆ, ಒಂದು ಹಾಕಿ ಟೀಮು.
ಆಟ್ಲಿ ಯಾವ ಅಜ್ಜ?

ಬೋರ್ಡು ನೋಡಿದ್ದೇನೆ:
ಹಾರ್ಟ್ಲಿ ಎಸ್ಟೇಟ್. ಖಾಸಗಿ. ನಾಯಿಗಳಿವೆ.
ಪಾಲಿಬೆಟ್ಟದ ಗೋರಿಗಳ ನಡುವೆ ಕಲ್ಲೂ ಇದೆ,
ಎಡ್ವಿನ್ ಹಾರ್ಟ್ಲಿ, ಮೂವತ್ತೊಂದು ವರ್ಷ, ಜ್ವರ,
ಮುಂದಿನದನ್ನು ಪಾಚಿ ಓದಿಕೊಂಡಿದೆ.

ಸಿಸ್ಟರ್ ಫ್ಲೋರಿನ್ ಬಿಟ್ಟುಹೋದ ಡಿಕ್ಷನರಿಯಲ್ಲಿ,
ಗೆದ್ದಲು ಬಿಟ್ಟ ಪುಟದಲ್ಲಿ, ಸಿಕ್ಕಿತು:
ಹಾರ್ಟ್ ಅಂದರೆ ಇಲ್ಲಿ ಎದೆಯಲ್ಲ, ಕೊಂಬಿನ ಗಂಡು ಜಿಂಕೆ.
ಲಿ ಅಂದರೆ ಕಾಡಿನ ನಡುವೆ ತೆರೆದ ನೆಲ.
ಎಂದೋ ಯಾವುದೋ ಚಳಿಯ ಸಂತೆಯಲ್ಲಿ
ಜಿಂಕೆಬಯಲಿನವನೇ, ಎಂದು ಯಾರೋ ಕೂಗಿರಬೇಕು,
ಒಬ್ಬ ತಿರುಗಿ ನೋಡಿರಬೇಕು. ಅಷ್ಟೇ.
ಊರಿನ ದಾರಿ ಅವನ ಮೊಮ್ಮಕ್ಕಳಿಗೆ ಮರೆತು
ಹೆಸರು ಮಾತ್ರ ಹಡಗು ಹತ್ತಿತು,
ಘಟ್ಟ ಹತ್ತಿತು, ನಂದಿ ಬೀಟೆ ಉರುಳಿಸಿ
ತನ್ನನ್ನೇ ಗೇಟಿಗೆ ತೂಗುಹಾಕಿಕೊಂಡಿತು.
ಲೈನುಮನೆಯವರ ಬಾಯಲ್ಲಿ ಹಕಾರ ಉದುರಿತು.
ಹಾಜರಿ ಪುಸ್ತಕದಲ್ಲಿ ತೋಲಂದಿರು ಮೂವರು,
ಹೀಗಾಗಿ ಇವನು ಆಟ್ಲಿ ತೋಲ.

ಅದಕ್ಕೂ ಮುಂಚೆ ಆ ಜಾಗಕ್ಕೆ ಏನಂತಿದ್ದರು?
ಸುಮ್ಮನೆ ಕೇಳಿದ್ದು.
ತೋಲ ನಿಂತ ಫ್ಯಾನನ್ನೇ ನೋಡಿದ.
ಅಜ್ಜಿ ಅಂತಿತ್ತು... ಕಡವೆಬಾಣೆ.

ಕಡವೆ.
ಬಾಣೆ.
ಪೆನ್ನು ಕೆಳಗಿಟ್ಟೆ.
ಸಮುದ್ರ ದಾಟಿ ಬಂದ ದೊರೆ
ಹೆಸರೊಂದನ್ನು ಅದರದೇ ಅರ್ಥದಿಂದ ಅಳಿಸಿ
ಗೊತ್ತಾಗದೆ ಸತ್ತಿದ್ದಾನೆ.
ತಹಶೀಲ್ದಾರರಿಗೆ ಹೇಳುವ ಮಾತಲ್ಲ ಇದು,
ತೋಲನಿಗೇ ಹೇಳಿದೆ.
ಅವನು ತುಂಬ ಹೊತ್ತು ಸುಮ್ಮನಿದ್ದ.
ಕಡವೆ ಈಗ ಎಲ್ಲಿ ಅಕ್ಕ, ಅಂದ,
ಆನೆ ಮಾತ್ರ ಬರ್ತದೆ, ಹಲಸಿಗೆ.

ಕರೆಂಟು ಬಂತು. ಪರದೆಯ ಮೇಲೆ ಖಾಲಿ ಚೌಕ,
ಪಕ್ಕದಲ್ಲಿ ಕಡ್ಡಾಯದ ಕೆಂಪು ನಕ್ಷತ್ರ.
ಎರಡರಲ್ಲಿ ಯಾವುದು ಬರೀಲಿ, ಅಂದೆ.

ಯಾವುದಕ್ಕೆ ಅಕ್ಕಿ ಕೊಡ್ತಾರೋ
ಅದು.