ಹೊಟ್ಟೆಗೆ ಹಾಕಿಕೊಂಡದ್ದು

ಹತ್ತೊಂಬತ್ತು ವರ್ಷ ಒಂದೇ ಕಂಪೈಲರು.
ಅದರ ಗೊಣಗಾಟ ನಮಗೆ ರೂಢಿ, ನಮ್ಮ ಸಡಿಲು ಅದಕ್ಕೆ.
ವಾಲ್ದಿವಿಯಾದಲ್ಲಿ, ನದಿಗೆ ಮುಖ ಮಾಡಿದ ಈ ಕೋಣೆಯಲ್ಲಿ ಕೂತು
ಚಿಲಿಯ ದಕ್ಷಿಣ ಕರಾವಳಿಯ ಹನ್ನೊಂದು ಪೆಟ್ಟಿಗೆಗಳಿಗೆ,
ಕಡಲ ಮಟ್ಟ ಅಳೆಯುತ್ತ ಉಪ್ಪು ತಿಂದು ಬೆಳ್ಳಗಾದ ಪೆಟ್ಟಿಗೆಗಳಿಗೆ,
ಕರ್ನಲ್ ಕಟ್ಟಿ ಕಳಿಸುವುದು ನಮ್ಮ ಕೆಲಸ.
ಹಿಂದೆ ಬಾಲ್ದೊಮೆರೊ. ಈಗ ನಾನು.

ಈ ಜೂನ್‌ನಲ್ಲಿ ಹೊಸ ಚಿಪ್ ಬಂತು.
ಹಳೆಯದರ ಕೈರುಚಿ ಅದಕ್ಕೆ ಒಗ್ಗುವುದಿಲ್ಲವಂತೆ.
ಸರಿ, ಸೌಟೊಂದೇ ಅಲ್ಲ, ಇಡೀ ಅಡುಗೆಮನೆಯೇ ಬದಲು:
ಅಸೆಂಬ್ಲರು ಬೇರೆ, ಲಿಂಕರು ಬೇರೆ,
ಕೊನೆಗೆ ಸಿಪ್ಪೆ ಕೆರೆಯುವ ಪುಟ್ಟ ಚಾಕೂ ಬೇರೆ.
ಮೇಕ್ ಎಂದು ಒತ್ತಿದೆ. ಅದರ ಮುಂದೆ
ಎಲ್‌ಎಲ್‌ವಿಎಂ ಸಮ ಒಂದು.
ಮನೆ ಬದಲಾಯಿಸಲು ಅಷ್ಟೇ ಸಾಕು ಅನ್ನುತ್ತಾರೆ.

ಸಾಕಾಗಲಿಲ್ಲ.
ಮೊದಲ ದಿನ ನಾನೂರು ಕಡತ ದಾಟುವಷ್ಟರಲ್ಲಿ ನಿಂತಿತು.
ಫಂಕ್ಷನ್ನಿನ ಬಸಿರಲ್ಲಿ ಇನ್ನೊಂದು ಫಂಕ್ಷನ್ ಇಟ್ಟಿದ್ದ ಬಾಲ್ದೊಮೆರೊ;
ಹಳೆಯದು ಅದನ್ನು ಚಮತ್ಕಾರವೆಂದು ಒಪ್ಪಿತ್ತು.
ಹೊಸದು ಒಪ್ಪಲಿಲ್ಲ. ಬಿಡಿಸಿ ಬರೆದೆ.
ಎರಡನೇ ದಿನ ಅಸೆಂಬ್ಲಿಯ ಹದಿನಾಲ್ಕು ಸಾಲು.
ಮೂರನೇ ದಿನ ಏನೂ ಇಲ್ಲ, ಒಲೆಗೆ ಸೌದೆ ತಳ್ಳುತ್ತ
ಸಾಲುಗಳು ಮೇಲೇರುವುದನ್ನು ನೋಡುತ್ತ ಕೂತೆ,
ಸಿಸಿ, ಸಿಸಿ, ಸಿಸಿ.

ನಾಲ್ಕನೇ ದಿನ ಒಂದು ಎಚ್ಚರಿಕೆ.
ದೋಷ ಅಲ್ಲ, ಬರೀ ಎಚ್ಚರಿಕೆ, ನೇರಳೆ ಬಣ್ಣದ್ದು.
ಮರೇಆ ಡಾಟ್ ಸಿ, ಇನ್ನೂರ ಹನ್ನೆರಡನೇ ಸಾಲು,
ಕೆಳಗೊಂದು ಬಾಣ, ಬೆರಳಿಟ್ಟು ತೋರಿಸುವ ಮೇಷ್ಟರ ಹಾಗೆ:
ಸೆನ್ಸರ್ ಉತ್ತರ ಕೊಡದಿದ್ದರೆ
‘ನಿವೆಲ್’ ಎಂಬ ಈ ಹೆಸರಿನೊಳಗೆ ಏನಿದೆ?

ಏನೂ ಇಲ್ಲ. ಯಾರೂ ಏನೂ ಇಟ್ಟಿಲ್ಲ.
ಮೊದಲು ಉಂಡೆದ್ದವರು ಬಿಟ್ಟ ಎಂಜಲು, ಸ್ಟ್ಯಾಕಿನಲ್ಲಿ ಏನಿತ್ತೋ ಅದು.
ಹಳೇ ಕಂಪೈಲರು ಜೋಡಿಸಿದ ರೀತಿಗೆ
ಅಲ್ಲಿ ಯಾವಾಗಲೂ ಸೊನ್ನೆಯೇ ಸಿಗುತ್ತಿತ್ತು.
ಸೊನ್ನೆ ಎಂದರೆ ನಮ್ಮಲ್ಲಿ: ಕಡಲು ಇದ್ದಲ್ಲೇ ಇದೆ.
ಹತ್ತೊಂಬತ್ತು ವರ್ಷ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡಿತ್ತು ಅದು,
ಒಂದು ಮಾತಾಡದೆ.

ದಾಖಲೆ ತೆಗೆದೆ. ತೆಗೆಯಬಾರದಿತ್ತೇನೋ.
ಆರು ವರ್ಷದ ಹಿಂದಿನ ಆಗಸ್ಟ್, ನಿಯೆಬ್ಲಾದ ಕಟ್ಟೆ,
ರಾತ್ರಿ ಹನ್ನೊಂದರಿಂದ ಬೆಳಗಿನ ಎಂಟರವರೆಗೆ
ಸೊನ್ನೆ ಸೊನ್ನೆ ಸೊನ್ನೆ.
ಅಕ್ಕಪಕ್ಕದ ಎರಡು ಪೆಟ್ಟಿಗೆಗಳಲ್ಲಿ ಅದೇ ಕಡಲು
ಒಂದಾಳೆತ್ತರ ಎದ್ದಿತ್ತು.
ರೊಸಮೆಲ್‌ನ ದೋಣಿ, ‘ಪೊರ್ಫಿಯಾದಾ’, ಹೋದದ್ದು ಆ ರಾತ್ರಿಯೇ.
ಗಂಟು ಸಡಿಲ ಕಟ್ಟಿದ್ದ ಅಂದರು, ಕುಡಿದಿದ್ದ ಅಂದರು.
ಕಡಲೇ ಏಳಲಿಲ್ಲವಲ್ಲ ಎಂದು
ಕಾಗದ ತೋರಿಸಿದವರು ನಾವು.

ಗುರುವಾರ ಬಾಲ್ದೊಮೆರೊ ಬಂದ, ಎಂದಿನಂತೆ
ಹೊಗೆ ಹಾಕಿದ ಸಿಯೆರಾ ಮೀನು ಪೇಪರಿನಲ್ಲಿ ಸುತ್ತಿಕೊಂಡು.
ಪರದೆ ಅವನ ಕಡೆ ತಿರುಗಿಸಿದೆ. ಕನ್ನಡಕ ಹುಡುಕಿದ, ಹಣೆಯ ಮೇಲೇ ಇತ್ತು.
ಓದಿದ. ಮತ್ತೆ ಓದಿದ.
“ನನ್ನದೇ ಸಾಲು, ಎದುವಿನಾ” ಅಂದ.
“ಒಸೊರ್ನೊ ಬಸ್ಸಿಗೆ ಹೊತ್ತಾಗಿತ್ತು.
ಪರೀಕ್ಷಿಸಿದೆ. ಸೊನ್ನೆ ಬಂತು. ಎದ್ದು ಹೋದೆ.”

ರಿಪೇರಿಗೆ ಬೇಕಾದದ್ದು ಅರ್ಧ ಸಾಲು.
ಮೈನಸ್ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು:
ಯಾವ ಕಡಲೂ ಅಷ್ಟು ಕೆಳಗಿಳಿಯುವುದಿಲ್ಲ,
ಅಂದರೆ, ಗೊತ್ತಿಲ್ಲ.
ಅವನೇ ಟೈಪ್ ಮಾಡಿದ, ಎರಡು ಬೆರಳಲ್ಲಿ.

ಮತ್ತೆ ಮೇಕ್. ನಲವತ್ತು ನಿಮಿಷ.
ಅಷ್ಟೂ ಹೊತ್ತು ಮೀನಿನ ಪೊಟ್ಟಣ ಬಿಚ್ಚಲಿಲ್ಲ ಅವನು.
ಲಿಂಕರು ಎಲ್ಲವನ್ನೂ ಹೊಲಿದು
ತಿರುಳು ಒಂದಾಗಿ ನಿಂತಾಗ ಎದ್ದು ಟೋಪಿ ಹಾಕಿಕೊಂಡ.
“ಈ ಹೊತ್ತಿಗೆ ರೊಸಮೆಲ್ ಮಾರುಕಟ್ಟೆಯಲ್ಲಿ ಇರುತ್ತಾನಾ?”
ಇರುತ್ತಾನೆ ಅಂದೆ, ಬೇರೆಯವರ ಮೀನು ಕೊಯ್ಯುತ್ತ.
ಜೊತೆಗೆ ಬರಲಾ?
ಬೇಡ ಅಂದ.

ಕಿಟಕಿಯಿಂದ ಕಂಡೆ:
ಕಡಲಸಿಂಹಗಳು ದಂಡೆಯ ಮೆಟ್ಟಿಲಿಗೆ ಅಡ್ಡ ಬಿದ್ದಿದ್ದವು.
ಒಂದೊಂದನ್ನೂ ಬಳಸಿಕೊಂಡು ನಿಧಾನ ನಡೆದ,
ಪೊಟ್ಟಣ ಇನ್ನೂ ಕಂಕುಳಲ್ಲಿ.