ಪಾಳಿ

ರವಿವಾರ ರಾತ್ರಿ ಊಟ ಆದಮ್ಯಾಲ
ಟೇಬಲ್ಲಿನ ಮ್ಯಾಲ ನಮ್ಮ ಕಾರಖಾನೆದಽ ಒಂದು ಟಾವೆಲ್ ಹಾಸತೀನಿ,
ಎಕ್ಸ್‌ಪೋರ್ಟಿಗೆ ನಡೀಲಾರದ್ದು, ಒಂದು ಅಂಚು ಎಳದು ಸೊಟ್ಟಾದದ್ದು.
ಅದರ ಮ್ಯಾಲ ಐದೂ ಗಡಿಯಾರ ಮಲಗಸತೀನಿ
ಮಾರಿ ಮ್ಯಾಲ ಮಾಡಿ.

ಮುಂದಿನ ವಾರದ ಪಾಳಿ ಹಚ್ಚೂದು ಆಗಲೇ.

ಸೋಮವಾರ ಬ್ಯಾಂಕಿನ ಕೆಲಸ, ರೋಲೆಕ್ಸ್.
ಮ್ಯಾನೇಜರನ ಕಣ್ಣು ಮೊದಲ ನನ್ನ ಮಣಿಕಟ್ಟಿಗೆ,
ಆಮ್ಯಾಲ ಬ್ಯಾಲೆನ್ಸ್ ಶೀಟಿಗೆ.
ಮಂಗಳವಾರ, ಬುಧವಾರ ಒಮೆಗಾ.
ಮಗ್ಗದ ಶೆಡ್ಡು ಅದಕ್ಕ ಒಗ್ಗೇದ,
ಅರಳಿ ಧೂಳು ಪಟ್ಟಿಯೊಳಗ ಕೂತರೂ ದೂರಂಗಿಲ್ಲ.
ಗ್ರ್ಯಾಂಡ್ ಸೈಕೊದ ಮುಳ್ಳು ನೋಡಬೇಕು,
ನಮ್ಮ ಟ್ಯೂಬ್‌ಲೈಟಿನ ಕೆಳಗೂ
ಅದು ಎಲ್ಲೋ ಬೆಳಗಿನ ಜಾವದಾಗ ಇರ್ತದ.
ಜರ್ಮನಿದು ತೆಳ್ಳಗ, ಅಂಗಿ ತೋಳಿನೊಳಗ ಸರದು ಹೋಗ್ತದ,
ಕಟ್ಟಿದ್ದು ನನಗಽ ನೆನಪಿರೂದಿಲ್ಲ.
ಸತ್ತವರ ಮನಿಗೆ ಅದನ್ನಽ ಕಟ್ತೀನಿ.

ಐದನೇದಕ್ಕ ಪಾಳಿ ಇಲ್ಲ, ಅದು ಚಂದ್ರನ್ನ ಹೊತ್ತದ್ದು.
ಆರರ ಅಂಕಿ ನೆತ್ತಿಮ್ಯಾಲ ಉಗುರಿನಷ್ಟು ಕಿಟಕಿ,
ನೀಲಿ ತಗಡು, ಬಂಗಾರದ ಬಟ್ಟಲ.
ನಿಂತು ಹೋತಂದ್ರ ಹ್ವಾದ ಹುಣ್ಣಿವಿಯಿಂದ ಲೆಕ್ಕ ಹಿಡದು
ದಿನಕ್ಕೊಂದು ಒತ್ತು ಒತ್ತಬೇಕು.
ಯಾರಿಗದ ಅಷ್ಟು ಪುರಸೊತ್ತು.

ಕಿವಿಗೆ ಹಿಡದು ಒಂದೊಂದರ ಉಸರು ಕೇಳತೀನಿ.
ಒಂದು ದಿನಕ್ಕ ನಾಕು ಸೆಕೆಂಡು ಮುಂದ,
ಒಂದು ಆರು ಹಿಂದ.
ಬಾಜೂಕ ಮೊಬೈಲು ಬಿದ್ದದ,
ಎಲ್ಲಾ ಉತ್ತರ ಸರಿ ಹೇಳೂ ಹುಡುಗನಂಗ.
ಅದನ್ನ ಯಾರೂ ಮುದ್ದ ಮಾಡಂಗಿಲ್ಲ.

ಅಶೋಕ ಚೌಕಿನ ಅಂಬಾದಾಸ ಗುಂಡೇಟಿ
ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡಽ ಮಾತಾಡಾಂವ.
ತೆಲುಗಿನ್ಯಾಗ ಹುಡುಗರನ್ನ ಬಯ್ದು
ಮರಾಠಿಯೊಳಗ ಬಿಲ್ ಬರದು
ನನ್ನ ಸಲುವಾಗಿ ಅಷ್ಟಽ ಕನ್ನಡ ಹೊರಗ ತಗೀತಾನ:
“ಚನಮಲ್ಲಣ್ಣ, ಕಟ್ಟದಽ ಇಟ್ಟದ್ದು ಸವಿಯಂಗಿಲ್ಲ, ಖರೆ.
ಆದರ ಒಳಗಿನ ಎಣ್ಣಿ ಗಟ್ಟಿ ಆಗ್ತದ.
ಸವದು ಕೆಟ್ಟದ್ದಕ್ಕಿಂತ ಕುಂತು ಕೆಟ್ಟದ್ದಽ
ನನ್ನ ಅಂಗಡಿಗೆ ಜಾಸ್ತಿ ಬರ್ತಾವ.”

ನಮ್ಮಜ್ಜಂದು ಜೂನಿ ಮಿಲ್ಲಿನ್ಯಾಗ ಮೂರನೇ ಪಾಳಿ.
ಗಡಿಯಾರ ಇದ್ದಿಲ್ಲ, ಭೋಂಗಾ ಇತ್ತು.
ಇಡೀ ಸೊಲ್ಲಾಪುರಕ್ಕ ಒಂದಽ ಹೊತ್ತು,
ಅದಕ್ಕ ಮಾರಿ ಇಲ್ಲ, ಗಂಟಲಷ್ಟಽ.
ಭಾಳ ಛಲೋ ಇತ್ತು ಅಂತ ನಾ ಅನ್ನಂಗಿಲ್ಲ.
ಮಿಲ್ಲು ಮುಚ್ಚಿದಮ್ಯಾಲೂ ಅಜ್ಜ
ನಡುರಾತ್ರಿ ಎದ್ದು ಕೂತು ಚಪ್ಪಲಿ ಹುಡಕತಿದ್ದ.

ಹ್ವಾದ ಶುಕ್ರವಾರ
ಪಾರ್ಸಲ್ ಬಿಡಸಾಕ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ.
ಅವಸರದಾಗ ಕೈಗೆ ಸಿಕ್ಕದ್ದು ಚಂದ್ರಂದು.
ಇಂಡಿ ಬಸ್ಸು ನಿಂದರೂ ಕಡೆ ಒಬ್ಬಾಕಿ,
ಕಾಲಾಗ ಜ್ವಾಳದ ಗಂಟು,
ಅಷ್ಟು ಮಂದ್ಯಾಗ ನನ್ನ ಮಾರಿಽ ಆರಿಸಿ ಕೇಳಿದ್ಳು:
“ಟೈಮ್ ಎಷ್ಟಾತೋ ಯಪ್ಪಾ?”
ತೋಳು ಏರಿಸಿದೆ.
“ತೀನ ವೀಸ” ಅಂತು ಬಾಯಿ.
ಆಕಿ ಸುಮ್ಮನ ನಿಂತ್ಳು.
ಒಳಗೆಲ್ಲೋ ತಡಕಿ ತಗದೆ: “ಮೂರೂ ಇಪ್ಪತ್ತು.”
ಆಕಿ ತಗಡಿನ ನೆರಳು ಎಲ್ಲೀತನಕ ಬಂದದ ನೋಡಿ,
ನನ್ನ ಕೈಯಾಗಿನ ಏಳು ಲಕ್ಷ ನೋಡಿ,
“ಐದರ ಮ್ಯಾಲಾಗೇದಪಾ,” ಅಂದ್ಳು,
“ಕೀಲಿ ಕೊಡು ಅದಕ್ಕ.”

ಈ ಹೊತ್ತು ಅದನ್ನಽ ಮೊದಲ ಹಿಡದೀನಿ.
ಎರಡು ಬೆರಳಿನ್ಯಾಗ ತಿರುಪು, ಹಗೂರಕ.
ಒಂದು, ಎರಡು, ಬಾಯಿಬಿಟ್ಟು ಎಣಸತೀನಿ.
ಮೂವತ್ತೆಂಟರ ತನಕ ಸರಾಗ ಬಂತು.
ಆಮ್ಯಾಲ ನಾಲಿಗಿ ಎಕೋಣಚಾಳೀಸ ಅಂತು.

ತಡದೆ.
ಒಂದು ಗಳಿಗಿ ಏನೂ ಬರಲಿಲ್ಲ.
ಮೂವತ್ತೊಂಬತ್ತು.
ತಿರುಪು ಬಿಗಿ ಆತು.
ಟಾವೆಲ್ಲಿನ ಮ್ಯಾಲ ನಡ್ಯಾಕ ಹತ್ತೇದ.
ಚಂದ್ರ ಇನ್ನೂ ಐದು ದಿನ ಹಿಂದ ಅದಾನ,
ಇರ್ಲಿ.